ಐದು ಲೀಟರ್ ರಕ್ತ, ಒಂದು ಚಮಚ ಸಕ್ಕರೆ

ದೊಡ್ಡವರೊಬ್ಬರ ಮೈಯಲ್ಲಿ ಹರಿಯುವ ರಕ್ತ ಸುಮಾರು ಐದು ಲೀಟರ್. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಅಷ್ಟೂ ರಕ್ತದಲ್ಲಿ ಕರಗಿರುವ ಗ್ಲೂಕೋಸ್ 4ರಿಂದ 5 ಗ್ರಾಂ ಮಾತ್ರ. ಕಾಫಿಗೆ ಹಾಕುವ ಒಂದು ಚಮಚ ಸಕ್ಕರೆಯ ತೂಕ ಅದು. ಮೆದುಳು ಯೋಚಿಸುವುದು, ಹೃದಯ ಬಡಿಯುವುದು, ನಾವು ಎದ್ದು ಓಡಾಡುವುದು ಎಲ್ಲವೂ ಈ ಒಂದು ಚಮಚ ಖಾಲಿಯಾಗದಂತೆ, ಉಕ್ಕದಂತೆ ನೋಡಿಕೊಂಡೇ ನಡೆಯುತ್ತದೆ.

ಲ್ಯಾಬಿನವರು ಕೊಡುವ ಚೀಟಿಯಲ್ಲಿ ಇದೇ ಲೆಕ್ಕ ‘100’ ಎಂದು ಬಂದಿರುತ್ತದೆ. ಅಂದರೆ 100 ಮಿಲಿಲೀಟರ್ ರಕ್ತದಲ್ಲಿ 100 ಮಿಲಿಗ್ರಾಂ ಗ್ಲೂಕೋಸ್. ಬರಿಹೊಟ್ಟೆಯಲ್ಲಿ 100ರ ಒಳಗಿದ್ದರೆ ಸರಿ. 100ರಿಂದ 125ರವರೆಗೆ ಇದ್ದರೆ ‘ಬಾರ್ಡರ್‌ನಲ್ಲಿದೆ’ ಅನ್ನುತ್ತಾರೆ. 126 ಮುಟ್ಟಿ, ಮತ್ತೊಮ್ಮೆ ಪರೀಕ್ಷೆ ಮಾಡಿದಾಗಲೂ ಇಳಿಯದಿದ್ದರೆ ಅದು ಸಕ್ಕರೆ ಕಾಯಿಲೆ. 100ಕ್ಕೂ 126ಕ್ಕೂ ನಡುವಿನ ಅಂತರವನ್ನು ಇಡೀ ಮೈಯ ರಕ್ತಕ್ಕೆ ಲೆಕ್ಕ ಹಾಕಿದರೆ ಸಿಗುವುದು ಒಂದೂಕಾಲು ಗ್ರಾಂ, ಅಂದರೆ ಕಾಲು ಚಮಚ. ಕಣ್ಣು, ಮೂತ್ರಪಿಂಡ, ಪಾದ, ಹೃದಯ ಇವುಗಳ ಭವಿಷ್ಯ ಕಾಲು ಚಮಚದ ಮೇಲೆ ನಿಂತಿದೆ ಎಂದರೆ ನಂಬುವುದು ಕಷ್ಟ. ಲೆಕ್ಕವನ್ನು ಬಿಡಿಸಿ ನೋಡಿದರೆ ನಂಬಿಕೆ ಬರುತ್ತದೆ, ಜೊತೆಗೆ ಧೈರ್ಯವೂ ಬರುತ್ತದೆ. ಈ ಕಾಯಿಲೆ ಸಣ್ಣ ಸಣ್ಣ ಮೊತ್ತಗಳು ದಿನವೂ ಕೂಡಿಕೊಂಡು ಬೆಳೆಯುವಂಥದ್ದು. ಅದನ್ನು ಹಿಡಿದಿಡುವುದೂ ಅಂಥವೇ ಸಣ್ಣ ಮೊತ್ತಗಳಿಂದ.

ತಟ್ಟೆಯಿಂದ ರಕ್ತಕ್ಕೆ

ಮೊದಲು ಊಟದ ತಟ್ಟೆ ನೋಡೋಣ. 100 ಗ್ರಾಂ ಅಕ್ಕಿಯಲ್ಲಿ ಸುಮಾರು 78 ಗ್ರಾಂ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಇದೆ. ಮಧ್ಯಾಹ್ನ ಹಸಿದು ಕೂತವರು ಅಷ್ಟು ಅಕ್ಕಿಯ ಅನ್ನವನ್ನು ಸಾರಿಗೊಂದಿಷ್ಟು, ಮೊಸರಿಗೊಂದಿಷ್ಟು ಎಂದು ಸಲೀಸಾಗಿ ಉಣ್ಣುತ್ತಾರೆ. ಆ ಶರ್ಕರಪಿಷ್ಟವೆಲ್ಲ ಕರುಳಿನಲ್ಲಿ ಗ್ಲೂಕೋಸ್ ಆಗಿ ಒಡೆದು ರಕ್ತಕ್ಕೆ ಇಳಿಯಬೇಕು. ಐದು ಗ್ರಾಂ ಮಾತ್ರ ಇರಬೇಕಾದ ಕಡೆಗೆ ಎರಡು ಮೂರು ಗಂಟೆಯೊಳಗೆ ಅದರ ಹದಿನೈದು ಪಟ್ಟು ಬಂದು ಸೇರುತ್ತದೆ. ಆರೋಗ್ಯವಂತರ ರಕ್ತದಲ್ಲಿ ಆಗಲೂ ಸಂಖ್ಯೆ 140ರ ಆಸುಪಾಸು ದಾಟುವುದಿಲ್ಲ.

ರಾಗಿ ಮುದ್ದೆಗೆ ಶುಗರ್ ಏರುವುದಿಲ್ಲ ಎಂದು ನಂಬಿ ಎರಡೆರಡು ಮುದ್ದೆ ಇಳಿಸುವವರು ನಮ್ಮಲ್ಲಿ ಬಹಳ ಮಂದಿ. ಅವರೂ ಈ ಲೆಕ್ಕ ನೋಡಬೇಕು. 100 ಗ್ರಾಂ ರಾಗಿಯಲ್ಲಿ ಶರ್ಕರಪಿಷ್ಟ ಸುಮಾರು 67 ಗ್ರಾಂ. ಅಕ್ಕಿಗಿಂತ ಕಡಿಮೆ, ಆದರೆ ಹೇಳಿಕೊಳ್ಳುವಷ್ಟು ಕಡಿಮೆಯೇನಲ್ಲ. ರಾಗಿಯ ನಿಜವಾದ ಬಲ ಇರುವುದು ನಾರಿನಲ್ಲಿ: ಬಿಳಿ ಅಕ್ಕಿಯಲ್ಲಿ ಮೂರು ಗ್ರಾಂಗೂ ಕಡಿಮೆ, ರಾಗಿಯಲ್ಲಿ ಹನ್ನೊಂದು ಗ್ರಾಂ. ಒಂದು ಸಣ್ಣ ಮುದ್ದೆ, ಅದರ ಪಕ್ಕಕ್ಕೆ ತಟ್ಟೆಯ ಅರ್ಧ ತುಂಬುವಷ್ಟು ಸೊಪ್ಪು ತರಕಾರಿ, ಒಂದು ಬಟ್ಟಲು ಬೇಳೆ ಅಥವಾ ಹುರುಳಿ ಎಂದರೆ ರಾಗಿ ಸಹಾಯಕ್ಕೆ ಬರುತ್ತದೆ. ಎರಡು ದೊಡ್ಡ ಮುದ್ದೆ, ತೆಳು ಸಾರು ಎಂದರೆ ಅದೂ ಅನ್ನದ ದಾರಿಯನ್ನೇ ಹಿಡಿಯುತ್ತದೆ.

ಇಷ್ಟು ದೊಡ್ಡ ಹೊರೆಯನ್ನು ಹೊತ್ತು ಸಾಗಿಸುವ ಅಂಗದ ಗಾತ್ರ ಇನ್ನೂ ಬೆರಗು ಹುಟ್ಟಿಸುತ್ತದೆ. ಹೊಟ್ಟೆಯ ಹಿಂದೆ ಅಡಗಿ ಕೂತ ಮೇದೋಜ್ಜೀರಕ ಗ್ರಂಥಿಯ ತೂಕ ನೂರು ಗ್ರಾಂ ಒಳಗೆ. ಅದರಲ್ಲೂ, ರಕ್ತದ ಗ್ಲೂಕೋಸನ್ನು ಕೋಶಗಳೊಳಗೆ ಸೇರಿಸುವ ಇನ್ಸುಲಿನ್ ತಯಾರಾಗುವ, ‘ದ್ವೀಪ’ ಎಂಬ ಪುಟ್ಟ ಕೋಶಗುಂಪುಗಳದು ಬರೀ ನೂರಕ್ಕೆ ಒಂದೆರಡು ಪಾಲು. ಸುಮಾರು ಹತ್ತು ಲಕ್ಷ ದ್ವೀಪಗಳನ್ನು ಒಟ್ಟು ಸೇರಿಸಿದರೂ ತಕ್ಕಡಿಯಲ್ಲಿ ಒಂದೆರಡು ಗ್ರಾಂ. ಅವು ದಿನಕ್ಕೆ ಸುರಿಸುವ ಇನ್ಸುಲಿನ್ 40ರಿಂದ 50 ಯೂನಿಟ್, ತೂಕದಲ್ಲಿ ಸುಮಾರು ಒಂದೂವರೆ ಮಿಲಿಗ್ರಾಂ. ಇಡೀ ವರ್ಷದ್ದನ್ನು ಕೂಡಿಸಿದರೂ ಅರ್ಧ ಗ್ರಾಂ ಚಿಲ್ಲರೆ, ಜ್ವರಕ್ಕೆ ನುಂಗುವ ಒಂದು ಪ್ಯಾರಾಸಿಟಮಾಲ್ ಮಾತ್ರೆಯಲ್ಲಿರುವ ಔಷಧದಷ್ಟು. ವರ್ಷಕ್ಕೆ 1,095 ಊಟಗಳು ಈ ಅರ್ಧ ಗ್ರಾಂನ ಭರವಸೆಯಲ್ಲಿ ಅರಗುತ್ತವೆ. ಬಹುಪಾಲು ಮಂದಿಗೆ ಬರುವ ಟೈಪ್ 2 ಮಧುಮೇಹದಲ್ಲಿ ಮೊದಲು ಸ್ನಾಯು ಮತ್ತು ಯಕೃತ್ತು ಇನ್ಸುಲಿನ್ನಿನ ಮಾತು ಕೇಳುವುದನ್ನು ಕಡಿಮೆ ಮಾಡುತ್ತವೆ. ಆಮೇಲೆ ದಣಿದ ದ್ವೀಪಗಳು ಒಂದೊಂದಾಗಿ ಸೋಲುತ್ತವೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ ‘ಯುಕೆಪಿಡಿಎಸ್’ ಎಂಬ ದೊಡ್ಡ ಅಧ್ಯಯನದ ಅಂದಾಜಿನಂತೆ, ಕಾಯಿಲೆ ಪತ್ತೆಯಾಗುವ ಹೊತ್ತಿಗೇ ಇನ್ಸುಲಿನ್ ತಯಾರಿಸುವ ಶಕ್ತಿಯಲ್ಲಿ ಅರ್ಧದಷ್ಟು ಹೋಗಿಬಿಟ್ಟಿರುತ್ತದೆ.

ನಾಲ್ಕು ಕರ್ನಾಟಕದಷ್ಟು ಜನ

ಈಗ ಒಬ್ಬರ ಮೈಯಿಂದ ದೇಶದ ಕಡೆಗೆ ಬರೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ಚೆನ್ನೈನ ಮದ್ರಾಸ್ ಡಯಾಬಿಟಿಸ್ ರಿಸರ್ಚ್ ಫೌಂಡೇಶನ್ 2008ರಿಂದ 2020ರವರೆಗೆ ರಾಜ್ಯ ರಾಜ್ಯ ಸುತ್ತಿ, 1,13,043 ಮಂದಿಯನ್ನು ಪರೀಕ್ಷಿಸಿತು. 2023ರಲ್ಲಿ ಹೊರಬಂದ ಅದರ ಲೆಕ್ಕದಂತೆ ಭಾರತದಲ್ಲಿ ಸಕ್ಕರೆ ಕಾಯಿಲೆ ಇರುವವರು 10.1 ಕೋಟಿ. ಬಾರ್ಡರ್‌ನಲ್ಲಿ ನಿಂತವರು 13.6 ಕೋಟಿ. 2011ರ ಜನಗಣತಿಯಲ್ಲಿ ಕರ್ನಾಟಕದ ಜನಸಂಖ್ಯೆ 6.11 ಕೋಟಿ ಇತ್ತು. ಎರಡೂ ಗುಂಪು ಸೇರಿದರೆ ಹೆಚ್ಚುಕಡಿಮೆ ನಾಲ್ಕು ಕರ್ನಾಟಕಗಳು. ಲೋಕದ ಲೆಕ್ಕವೂ ಹೀಗೇ ಎದೆ ನಡುಗಿಸುತ್ತದೆ: ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಪ್ರಕಾರ 2024ರಲ್ಲಿ 58.9 ಕೋಟಿ ವಯಸ್ಕರಿಗೆ, ಅಂದರೆ ಒಂಬತ್ತು ಮಂದಿಯಲ್ಲಿ ಒಬ್ಬರಿಗೆ ಈ ಕಾಯಿಲೆ. ಅವರಲ್ಲಿ ಹತ್ತಕ್ಕೆ ನಾಲ್ಕಕ್ಕೂ ಹೆಚ್ಚು ಮಂದಿಗೆ ತಮಗೆ ಕಾಯಿಲೆ ಇರುವುದೇ ತಿಳಿದಿಲ್ಲ.

‘ನಾನು ತೆಳ್ಳಗಿದ್ದೇನೆ, ನನಗೆಲ್ಲಿಯ ಶುಗರ್’ ಅನ್ನುವವರಿಗಾಗಿ ಒಂದು ಚಿತ್ರವಿದೆ. ಪುಣೆಯ ವೈದ್ಯ ವಿಜ್ಞಾನಿ ಚಿತ್ತರಂಜನ್ ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ತಮ್ಮಿಬ್ಬರ ಫೋಟೋವನ್ನೇ ಅಚ್ಚು ಮಾಡಿಸಿದರು. ಎತ್ತರಕ್ಕೆ ತೂಕದ ಅನುಪಾತ ಇಬ್ಬರಲ್ಲೂ ಒಂದೇ, 22.3. ಇಬ್ಬರೂ ನೋಡಲು ತೆಳ್ಳಗೆ. ಮೈಯಲ್ಲಿದ್ದ ಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದು ಶೇ 9.1, ಯಾಜ್ಞಿಕ್ ಅವರದು ಶೇ 21.2. ಅದೇ ಅಂಗಿ ಅಳತೆಯೊಳಗೆ ಎರಡು ಪಟ್ಟಿಗೂ ಮೀರಿದ ಕೊಬ್ಬು! ನಮ್ಮಂಥ ಮೈಕಟ್ಟಿನವರಿಗೆ ತೂಕದ ಯಂತ್ರಕ್ಕಿಂತ ದರ್ಜಿಯ ಟೇಪು ಹೆಚ್ಚು ಸತ್ಯ ಹೇಳುತ್ತದೆ. ಗಂಡಸರ ಸೊಂಟ 90 ಸೆಂಟಿಮೀಟರ್, ಹೆಂಗಸರದು 80 ಸೆಂಟಿಮೀಟರ್ ದಾಟಿದರೆ ಅದು ರಕ್ತ ಪರೀಕ್ಷೆಗೆ ಹೋಗಿ ಎನ್ನುವ ಸೂಚನೆ.

ಮೂರು ತಿಂಗಳ ಕಡತ

ಪರೀಕ್ಷೆಗೆ ಹೋಗುವ ಹಿಂದಿನ ಎರಡು ದಿನ ಸಿಹಿ ಬಿಟ್ಟು, ಅನ್ನ ಕಡಿಮೆ ಮಾಡಿ ಒಳ್ಳೆಯ ಸಂಖ್ಯೆ ತರುವವರು ಇದ್ದಾರೆ. ಆದರೆ ರಕ್ತದ ಕೆಂಪು ಕಣ ಎಲ್ಲವನ್ನೂ ಬರೆದಿಟ್ಟಿರುತ್ತದೆ. ಒಂದು ಕೆಂಪು ಕಣದ ಆಯುಸ್ಸು ಸುಮಾರು 120 ದಿನ. ಇಡೀ ಮೈಯನ್ನು ಒಂದು ಸುತ್ತು ಹಾಕಲು ಅದಕ್ಕೆ ಬೇಕಾದದ್ದು ಹತ್ತಿರ ಹತ್ತಿರ ಒಂದು ನಿಮಿಷ. ಸಾಯುವುದರೊಳಗೆ ಅದು ಸುಮಾರು 1,70,000 ಸುತ್ತು ಮುಗಿಸುತ್ತದೆ. ಪ್ರತಿ ಕಣದೊಳಗೆ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿವೆ. ಸುತ್ತುವಾಗ ಎದುರಾಗುವ ಗ್ಲೂಕೋಸ್ ಈ ಅಣುಗಳಿಗೆ ಮೆಲ್ಲಗೆ ಅಂಟಿಕೊಳ್ಳುತ್ತದೆ, ಅಂಟಿದ್ದು ಮತ್ತೆ ಬಿಡುವುದಿಲ್ಲ. ನೂರರಲ್ಲಿ ಎಷ್ಟು ಅಣುಗಳಿಗೆ ಅಂಟಿದೆ ಎಂದು ಎಣಿಸುವುದೇ ‘ಎಚ್‌ಬಿಎ1ಸಿ’ ಪರೀಕ್ಷೆ. ಅದು ಹಿಂದಿನ ಎರಡು ಮೂರು ತಿಂಗಳ ಸರಾಸರಿ. 6.5 ಮುಟ್ಟಿದರೆ ಮಧುಮೇಹ. ಕಾಯಿಲೆ ಇರುವ ಬಹುಪಾಲು ಮಂದಿಗೆ 7ರ ಒಳಗೆ ಇಡುವುದು ಗುರಿ. ತೀರಾ ವಯಸ್ಸಾದವರಿಗೆ, ಬೇರೆ ಕಾಯಿಲೆಗಳಿಂದ ಬಳಲುವವರಿಗೆ ವೈದ್ಯರು ಸ್ವಲ್ಪ ಸಡಿಲ ಮಾಡುತ್ತಾರೆ.

ಹಿಮೋಗ್ಲೋಬಿನ್ನಿಗೆ ಅಂಟುವ ಸಕ್ಕರೆ ರಕ್ತನಾಳದ ಗೋಡೆಗೂ ಅಂಟುತ್ತದೆ. ಕೆಂಪು ಕಣ 120 ದಿನಕ್ಕೆ ಸತ್ತು ಹೊಸದು ಹುಟ್ಟುತ್ತದೆ, ನಾಳದ ಗೋಡೆಯ ಎಷ್ಟೋ ಭಾಗ ಹಾಗೆ ಹೊಸದಾಗುವುದಿಲ್ಲ. ಕಾಲು ಚಮಚ ಹೆಚ್ಚುವರಿ ಸಕ್ಕರೆಯ ಜೊತೆ ಹತ್ತು ಹದಿನೈದು ವರ್ಷ ಬಾಳಿದ ಗೋಡೆ ದಪ್ಪವಾಗುತ್ತದೆ, ಸೋರುತ್ತದೆ, ಮುಚ್ಚಿಕೊಳ್ಳುತ್ತದೆ. ಎಲ್ಲಿ ನಾಳ ತೀರಾ ಸಣ್ಣದೋ ಅಲ್ಲಿ ಮೊದಲು.

ಕಣ್ಣು, ಮೂತ್ರಪಿಂಡ, ಪಾದ

ಕಣ್ಣಿನ ಅಕ್ಷಿಪಟಲದ ದಪ್ಪ ಸುಮಾರು ಕಾಲು ಮಿಲಿಮೀಟರ್. ಅಷ್ಟರೊಳಗೆ 12 ಕೋಟಿ ಸಲಾಕೆ ಕೋಶಗಳು, 60 ಲಕ್ಷ ಶಂಕು ಕೋಶಗಳು. ಅದರ ಅತಿ ಸಣ್ಣ ರಕ್ತನಾಳಗಳಲ್ಲಿ ಕೆಂಪು ಕಣಗಳು ಮೈ ಮಡಚಿಕೊಂಡು ಒಂದರ ಹಿಂದೊಂದು ಸಾಲಾಗಿ ಹೋಗಬೇಕು, ದಾರಿ ಅಷ್ಟು ಇಕ್ಕಟ್ಟು. ಇಂಥ ನಾಳಗಳು ಸೋರಲು ಶುರುವಾದ ಎಷ್ಟೋ ವರ್ಷಗಳ ತನಕ ಕಣ್ಣು ಚೆನ್ನಾಗಿಯೇ ಕಾಣುತ್ತಿರುತ್ತದೆ. ಮಂಜು ಕವಿಯಿತು ಅನ್ನಿಸುವ ಹೊತ್ತಿಗೆ ತಡವಾಗಿರುತ್ತದೆ. ಕನ್ನಡಕದ ನಂಬರ್ ನೋಡಿಸಿದರೆ ಇದು ತಿಳಿಯದು. ಪಾಪೆ ಹಿಗ್ಗಿಸುವ ಹನಿ ಹಾಕಿ ಅಕ್ಷಿಪಟಲವನ್ನೇ ನೋಡಬೇಕು, ಇಲ್ಲವೇ ಅದರ ಫೋಟೋ ತೆಗೆಯಬೇಕು. ವರ್ಷಕ್ಕೊಮ್ಮೆ ಅರ್ಧ ದಿನ ಇದಕ್ಕೆ ಕೊಟ್ಟರೆ, ಹಾನಿ ಕಂಡಾಗಲೇ ಲೇಸರ್ ಅಥವಾ ಚುಚ್ಚುಮದ್ದಿನಿಂದ ದೃಷ್ಟಿ ಉಳಿಸಿಕೊಳ್ಳಬಹುದು.

ಮೂತ್ರಪಿಂಡಗಳ ದುಡಿಮೆ ಇನ್ನೂ ದೊಡ್ಡದು. ಒಂದೊಂದರಲ್ಲಿ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳು. ಎರಡೂ ಸೇರಿ ದಿನಕ್ಕೆ ಸೋಸುವುದು 180 ಲೀಟರ್, ಹೊರಗೆ ಬಿಡುವುದು ಒಂದೂವರೆ ಲೀಟರ್ ಆಸುಪಾಸು. ಸೋಸಿದ ನೀರಿನ ಜೊತೆ ಜಾರಿಹೋದ ಸುಮಾರು 180 ಗ್ರಾಂ ಗ್ಲೂಕೋಸನ್ನು, ಅಂದರೆ 36 ಚಮಚದಷ್ಟನ್ನು, ಒಂದು ಹರಳೂ ಪೋಲಾಗದಂತೆ ಅವು ದಿನವೂ ವಾಪಸ್ ಎಳೆದುಕೊಳ್ಳುತ್ತವೆ. ರಕ್ತದಲ್ಲಿ ಸಂಖ್ಯೆ 180ರ ಸುಮಾರಿಗೆ ಏರಿದಾಗ ಮಾತ್ರ ಈ ಶಕ್ತಿ ಸೋತು ಸಕ್ಕರೆ ಮೂತ್ರಕ್ಕೆ ಬೀಳುತ್ತದೆ. ಹಿಂದಿನವರು ಬಚ್ಚಲಲ್ಲಿ ಇರುವೆ ಮುತ್ತಿದ್ದನ್ನು ನೋಡಿ ಕಾಯಿಲೆ ಗುರುತಿಸುತ್ತಿದ್ದರು. ಆದರೆ ಕಾಯಿಲೆ ಶುರುವಾಗುವುದು 126ಕ್ಕೆ. ಇರುವೆಗೆ ಕಾಯುತ್ತ ಕೂತರೆ ವರ್ಷಗಳೇ ಕಳೆದಿರುತ್ತವೆ.

ಮೂತ್ರಪಿಂಡ ಸೋಲುತ್ತಿರುವ ಮೊದಲ ಸುಳಿವು ಎಷ್ಟು ಸೂಕ್ಷ್ಮ ನೋಡಿ. ಒಂದು ಲೀಟರ್ ರಕ್ತದ್ರವದಲ್ಲಿ ಸುಮಾರು 40 ಗ್ರಾಂ ಆಲ್ಬುಮಿನ್ ಎಂಬ ಪ್ರೋಟೀನು ಇರುತ್ತದೆ. ಇಡೀ ದಿನದ ಮೂತ್ರದಲ್ಲಿ ಅದರ 30 ಮಿಲಿಗ್ರಾಂ ಕಂಡರೂ ವೈದ್ಯರು ಎಚ್ಚರಾಗುತ್ತಾರೆ. ಆಗ ಮೈಯಲ್ಲಿ ಯಾವ ತೊಂದರೆಯೂ ಇರುವುದಿಲ್ಲ, ಮೂತ್ರಪಿಂಡದ ಕೆಲಸ ಹೇಳುವ ರಕ್ತದ ಕ್ರಿಯೇಟಿನಿನ್ ಕೂಡ ಸರಿಯಾಗಿಯೇ ಇರಬಹುದು. ಆಗಲೇ ರಕ್ತದೊತ್ತಡವನ್ನೂ ಶುಗರನ್ನೂ ಬಿಗಿಯಾಗಿ ಹಿಡಿದರೆ ಮುಂದಿನ ಹಾನಿಯನ್ನು ವರ್ಷಗಟ್ಟಲೆ ಮುಂದೂಡಬಹುದು. ಆ ಹಂತ ತಪ್ಪಿದರೆ ಕೊನೆಗೆ ಉಳಿಯುವುದು ಡಯಾಲಿಸಿಸ್. ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ಗಂಟೆ. ವರ್ಷಕ್ಕೆ 624 ಗಂಟೆ ಯಂತ್ರದ ಪಕ್ಕದಲ್ಲಿ, ಅಂದರೆ ಹಗಲೂ ರಾತ್ರಿ ಸೇರಿ 26 ಇಡೀ ದಿನ. ಅಷ್ಟಾದರೂ ಎರಡು ಮೂತ್ರಪಿಂಡಗಳು ಸದ್ದಿಲ್ಲದೆ ಮಾಡುವ ಕೆಲಸದ ಒಂದು ಪಾಲು ಮಾತ್ರ ಆಗುತ್ತದೆ.

ಇನ್ನು ಪಾದ. ಬೆನ್ನಿನ ಕೆಳಭಾಗದಿಂದ ಹೊರಟು ಕಾಲ್ಬೆರಳ ತುದಿ ಮುಟ್ಟುವ ನರದ ಎಳೆ ಸುಮಾರು ಒಂದು ಮೀಟರ್ ಉದ್ದ, ದಪ್ಪ ಮಿಲಿಮೀಟರಿನ ನೂರನೇ ಒಂದು ಪಾಲಿನಷ್ಟು. ದಪ್ಪಕ್ಕಿಂತ ಲಕ್ಷ ಪಟ್ಟು ಉದ್ದವಾದ ಈ ಎಳೆಯನ್ನು ಒಂದೇ ಕೋಶ ಸಾಕಬೇಕು. ಹಾಗಾಗಿ ಅತಿ ದೂರದ ತುದಿ ಮೊದಲು ಸೊರಗುತ್ತದೆ. ಜೋಮು, ಉರಿ, ಚುಚ್ಚಿದಂಥ ನೋವು, ಆಮೇಲೆ ಏನೂ ಗೊತ್ತಾಗದ ಮರಗಟ್ಟು. ನೋವು ಹೋದಾಗ ವಾಸಿಯಾಯಿತು ಎಂದು ಸಮಾಧಾನ ಪಡುವವರಿದ್ದಾರೆ. ಅಪಾಯ ಶುರುವಾಗುವುದು ಆಗಲೇ.

ಅರವತ್ತು ಕಿಲೋ ತೂಕದವರು ದಿನಕ್ಕೆ 5,000 ಹೆಜ್ಜೆ ಹಾಕಿದರೆ ಒಂದೊಂದು ಪಾದದ ಮೇಲೆ 2,500 ಸಲ ಮೈಭಾರ ಬೀಳುತ್ತದೆ. ಕೂಡಿಸಿದರೆ 150 ಟನ್. ಚಪ್ಪಲಿಯಲ್ಲಿ ಸಿಕ್ಕ ಒಂದು ಹರಳುಕಲ್ಲು, ಅಟ್ಟೆಯಿಂದ ಮೇಲೆದ್ದ ಒಂದು ಮೊಳೆ ದಿನಕ್ಕೆ 2,500 ಸಲ ಅದೇ ಜಾಗಕ್ಕೆ ಒತ್ತುತ್ತದೆ, ಅರಿವಿಲ್ಲದ ಪಾದ ಒಂದು ಸಲವೂ ಕೂಗುವುದಿಲ್ಲ. ಹುಣ್ಣಾಗುತ್ತದೆ, ಕೀವಾಗುತ್ತದೆ. ಮಧುಮೇಹದಿಂದ ಕಾಲು ಕತ್ತರಿಸಬೇಕಾಗಿ ಬಂದ ಹತ್ತು ಮಂದಿಯಲ್ಲಿ ಎಂಟಕ್ಕೂ ಹೆಚ್ಚು ಮಂದಿಗೆ ಅದು ಶುರುವಾಗಿದ್ದು ಪಾದದ ಒಂದು ಹುಣ್ಣಿನಿಂದ.

ಇದನ್ನು ಮೊದಲೇ ಹಿಡಿಯುವ ಸಾಧನ ಒಂದು ನೈಲಾನ್ ಎಳೆ. ಹಿಡಿಯೊಂದಕ್ಕೆ ಸಿಕ್ಕಿಸಿದ ಈ ಎಳೆಯನ್ನು ಪಾದಕ್ಕೆ ನೇರವಾಗಿ ಒತ್ತಿದರೆ ಸರಿಯಾಗಿ ಹತ್ತು ಗ್ರಾಂ ಭಾರಕ್ಕೆ ಬಾಗುತ್ತದೆ. ನೀವು ಕಣ್ಣು ಮುಚ್ಚಿ ಮಲಗಿರಬೇಕು. ‘ಮುಟ್ಟಿದ್ದು ಗೊತ್ತಾದರೆ ಹೂಂ ಅನ್ನಿ’ ಎಂದು ಹೇಳಿ ವೈದ್ಯರು ಹೆಬ್ಬೆರಳ ಕೆಳಗೆ, ಬೆರಳ ಬುಡದಲ್ಲಿ, ಅಂಗಾಲಿನಲ್ಲಿ ಒಂದೊಂದು ಕಡೆ ಒತ್ತುತ್ತಾ ಹೋಗುತ್ತಾರೆ. ಎಳೆ ಬಾಗಿದರೂ ಹೂಂ ಬರಲಿಲ್ಲ ಎಂದರೆ ಆ ಪಾದ ತನ್ನನ್ನು ತಾನು ಕಾಯ್ದುಕೊಳ್ಳಲಾರದು ಎಂದರ್ಥ. ಎರಡೇ ನಿಮಿಷದ ಕೆಲಸ. ಅಲ್ಲಿಂದ ಮುಂದೆ ಕಣ್ಣೇ ಪಾದದ ನರವಾಗಬೇಕು: ದಿನವೂ ಮಲಗುವ ಮುನ್ನ ಬೆರಳ ಸಂದಿ, ಹಿಮ್ಮಡಿ, ಕನ್ನಡಿ ಇಟ್ಟು ಅಂಗಾಲು ನೋಡಬೇಕು. ಚಪ್ಪಲಿ ಮೆಟ್ಟುವ ಮುಂಚೆ ಒಳಗೆ ಕೈಯಾಡಿಸಬೇಕು. ಮನೆಯೊಳಗೂ ಬರಿಗಾಲು ಬೇಡ, ಆಣಿಯನ್ನು ಬ್ಲೇಡಿನಿಂದ ಕೆತ್ತುವುದು ಬೇಡ, ಬಿಸಿನೀರಿಗೆ ಕಾಲಿಡುವ ಮುಂಚೆ ಮೊಣಕೈ ಅದ್ದಿ ನೋಡಬೇಕು.

ಸಣ್ಣ ಇಳಿತ, ದೊಡ್ಡ ಗಳಿಕೆ

ಇಷ್ಟರವರೆಗಿನ ಸಂಖ್ಯೆಗಳು ಹೆದರಿಸುವಂಥವು. ಇನ್ನು ಮುಂದಿನವು ಕೈ ಹಿಡಿದು ಎತ್ತುವಂಥವು, ಇವು ನಮ್ಮ ಜನಕ್ಕೆ ಗೊತ್ತಾಗಬೇಕು ಅನ್ನುವುದೇ ನನ್ನ ಆಸೆ.

ಬ್ರಿಟನ್ನಿನ ಆ ‘ಯುಕೆಪಿಡಿಎಸ್’ ಅಧ್ಯಯನ 5,102 ಮಂದಿಯನ್ನು ಸೇರಿಸಿಕೊಂಡು, ಇಪ್ಪತ್ತು ವರ್ಷ ನಡೆದು 1998ರಲ್ಲಿ ಫಲಿತಾಂಶ ಹೇಳಿತು. ಅದರ ಅಂಕಿಗಳನ್ನು ಮುಂದೆ ವಿಶ್ಲೇಷಿಸಿದಾಗ ಕಂಡದ್ದು: ಎಚ್‌ಬಿಎ1ಸಿ ಒಂದೇ ಒಂದು ಅಂಕ ಇಳಿದರೆ, 9 ಇದ್ದದ್ದು 8 ಆದರೆ ಅಥವಾ 8 ಇದ್ದದ್ದು 7 ಆದರೆ, ಸಣ್ಣ ರಕ್ತನಾಳಗಳ ತೊಂದರೆ ಶೇ 37 ಕಡಿಮೆ. ಅಮೆರಿಕ ಮತ್ತು ಕೆನಡಾದ 1,441 ಟೈಪ್ 1 ರೋಗಿಗಳ (ಇನ್ಸುಲಿನ್ ತಯಾರಿಯೇ ನಿಂತುಹೋದವರ) ಮೇಲೆ ನಡೆದು 1993ರಲ್ಲಿ ಮುಗಿದ ಅಧ್ಯಯನದಲ್ಲಿ, ಶುಗರನ್ನು ಬಿಗಿಯಾಗಿ ಹಿಡಿದವರಿಗೆ ಹೊಸದಾಗಿ ಕಣ್ಣಿನ ತೊಂದರೆ ಬರುವ ಅಪಾಯ ಶೇ 76 ತಗ್ಗಿತ್ತು. ಕೋಪನ್‌ಹೇಗನ್ನಿನ ಸ್ಟೆನೊ ಕೇಂದ್ರದಲ್ಲಿ, ಆಗಲೇ ಮೂತ್ರದಲ್ಲಿ ಆಲ್ಬುಮಿನ್ ಕಾಣಿಸಿಕೊಂಡಿದ್ದ 160 ಮಂದಿಯಲ್ಲಿ ಅರ್ಧದಷ್ಟು ಮಂದಿಗೆ ಶುಗರ್, ರಕ್ತದೊತ್ತಡ, ಕೊಲೆಸ್ಟ್ರಾಲ್, ನಡಿಗೆ, ಊಟ ಎಲ್ಲವನ್ನೂ ಒಟ್ಟಿಗೆ ಸರಿಪಡಿಸುವ ಚಿಕಿತ್ಸೆ ಕೊಟ್ಟರು. ಸುಮಾರು ಎಂಟು ವರ್ಷದ ಆ ಚಿಕಿತ್ಸೆಯ ಫಲವನ್ನು 21 ವರ್ಷದ ನಂತರ ಎಣಿಸಿದಾಗ, ಈ ಗುಂಪಿನವರಿಗೆ ಸಿಕ್ಕ ಹೆಚ್ಚುವರಿ ಆಯುಸ್ಸು 7.9 ವರ್ಷ. ಒಂದು ಮಗು ಹುಟ್ಟಿ ಮೂರನೇ ತರಗತಿಗೆ ಹೋಗುವಷ್ಟು ಕಾಲ!

ಬಾರ್ಡರ್‌ನಲ್ಲಿರುವವರಿಗೂ ಭರವಸೆ ಇದೆ, ಅದೂ ನಮ್ಮ ಪಕ್ಕದ ಚೆನ್ನೈನಿಂದಲೇ. ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಮಂದಿಯನ್ನು ಮೂವತ್ತು ತಿಂಗಳು ಗಮನಿಸಿ 2006ರಲ್ಲಿ ಪ್ರಕಟಿಸಿದರು. ಏನೂ ವಿಶೇಷ ಮಾಡದವರಲ್ಲಿ ನೂರಕ್ಕೆ 55 ಮಂದಿಗೆ ಮಧುಮೇಹ ಬಂತು. ಊಟ ತಿದ್ದಿಕೊಂಡು ದಿನವೂ ನಡೆದವರಲ್ಲಿ 39 ಮಂದಿಗೆ. ಆರೇಳು ಮಂದಿ ಬದಲಾದರೆ ಆ ಅವಧಿಯಲ್ಲಿ ಒಬ್ಬರು ಪಾರು ಎಂದಾಯಿತು.

ನಡಿಗೆಗೆ ಎಷ್ಟು ಸಮಯ ಬೇಕು? ವಾರಕ್ಕೆ 150 ನಿಮಿಷ. ವಾರದಲ್ಲಿ ಇರುವುದು 10,080 ನಿಮಿಷ. ನೂರರಲ್ಲಿ ಒಂದೂವರೆ ಪಾಲು. ನಡೆಯುವಾಗ ಸ್ನಾಯುಗಳು ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ರಕ್ತದಿಂದ ಗ್ಲೂಕೋಸನ್ನು ತಾವೇ ಸೆಳೆದುಕೊಳ್ಳುತ್ತವೆ. ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹತ್ತು ಮಂದಿ ಹಿರಿಯರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದರಲ್ಲಿ, ಮೂರು ಊಟಗಳಾದ ಮೇಲೆ ಹದಿನೈದು ಹದಿನೈದು ನಿಮಿಷ ನಡೆದದ್ದು ಬೆಳಿಗ್ಗೆ ಒಂದೇ ಸಲ ನಲವತ್ತೈದು ನಿಮಿಷ ನಡೆದಷ್ಟೇ ಕೆಲಸ ಮಾಡಿತು. ರಾತ್ರಿ ಊಟದ ನಂತರದ ಏರಿಕೆಯನ್ನು ಇನ್ನೂ ಚೆನ್ನಾಗಿ ತಡೆಯಿತು. ಉಂಡ ಕೂಡಲೇ ಟೀವಿ ಮುಂದೆ ಕೂರುವ ಬದಲು ಬೀದಿಯ ಕೊನೆಯವರೆಗೆ ನಾಲ್ಕು ಸಲ ಹೋಗಿಬಂದರೆ ಆಯಿತು.

ಔಷಧದ ವಿಷಯದಲ್ಲಿ ಎರಡು ಮಾತು ಖಂಡಿತವಾಗಿ ಹೇಳಬೇಕು. ಮೆಂತ್ಯ, ಹಾಗಲ, ಇನ್ಸುಲಿನ್ ಎಲೆ ಎಂದು ಯಾರೋ ಹೇಳಿದ್ದನ್ನು ಕೇಳಿ ಮಾತ್ರೆ ಬಿಡಬೇಡಿ. ಇನ್ಸುಲಿನ್ ಶುರು ಮಾಡಿದರೆ ಮುಗಿದೇಹೋಯಿತು ಎಂದು ಹೆದರಲೂ ಬೇಡಿ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಹದಿನಾಲ್ಕು ವರ್ಷದ ಲಿಯೊನಾರ್ಡ್ ಥಾಮ್ಸನ್‌ಗೆ ಮೊದಲ ಸಲ ಇನ್ಸುಲಿನ್ ಚುಚ್ಚುವ ತನಕ, ಟೈಪ್ 1 ಮಧುಮೇಹ ಬಂದ ಮಕ್ಕಳು ಬದುಕುತ್ತಿರಲಿಲ್ಲ. ಕಂಡುಹಿಡಿದವರು ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ತಲಾ ಒಂದು ಡಾಲರಿಗೆ ಕೊಟ್ಟುಬಿಟ್ಟರು. ಅದು ಜೀವ ಉಳಿಸುವ ಮದ್ದು, ಸೋಲಿನ ಗುರುತಲ್ಲ.

ಇನ್ಸುಲಿನ್ ಅಥವಾ ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರು ಕಡಿಮೆಯಾಗುವ ಸಕ್ಕರೆಯ ಲೆಕ್ಕವನ್ನೂ ಬಲ್ಲವರಾಗಿರಬೇಕು. ಮೆದುಳಿಗೆ ದಿನಕ್ಕೆ ಸುಮಾರು 120 ಗ್ರಾಂ, ಅಂದರೆ ಗಂಟೆಗೆ ಐದು ಗ್ರಾಂ ಗ್ಲೂಕೋಸ್ ಬೇಕು. ಯಕೃತ್ತು ತುಂಬಿಕೊಡುತ್ತಾ ಇರದಿದ್ದರೆ ಇಡೀ ರಕ್ತದಲ್ಲಿರುವುದು ಒಂದು ಗಂಟೆಗೂ ಸಾಲದು. ಸಂಖ್ಯೆ 70ಕ್ಕಿಂತ ಕೆಳಗಿಳಿದು ಬೆವರು, ನಡುಕ, ತಬ್ಬಿಬ್ಬು ಕಂಡರೆ ಕೂಡಲೇ ಮೂರು ಚಮಚ ಸಕ್ಕರೆ ನೀರಲ್ಲಿ ಕಲಸಿ ಕುಡಿಯಬೇಕು, ಹದಿನೈದು ನಿಮಿಷಕ್ಕೆ ಮತ್ತೆ ಪರೀಕ್ಷಿಸಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ವರ್ಷದಲ್ಲಿ 8,760 ಗಂಟೆ. ಮೂರು ತಿಂಗಳಿಗೊಮ್ಮೆ ಹದಿನೈದು ನಿಮಿಷ ಎಂದರೂ ವೈದ್ಯರ ಮುಂದೆ ನೀವು ಕೂರುವುದು ಒಂದು ಗಂಟೆ. ಉಳಿದ 8,759 ಗಂಟೆ ಈ ಕಾಯಿಲೆಯ ವೈದ್ಯರು ನೀವೇ, ನಿಮ್ಮ ಮನೆಯವರೇ. ಮೂವತ್ತು ದಾಟಿದ ಪ್ರತಿಯೊಬ್ಬರಿಗೂ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ನಗರಗಳಲ್ಲಿ ಸರ್ಕಾರದ ‘ನಮ್ಮ ಕ್ಲಿನಿಕ್’‌ನಲ್ಲಿ ಶುಗರ್ ಮತ್ತು ಬಿ.ಪಿ. ಪರೀಕ್ಷೆ ಉಚಿತವಾಗಿ ಆಗುತ್ತದೆ. ಮಾಡಿಸಿಕೊಂಡಿಲ್ಲವಾದರೆ ಈ ವಾರವೇ ಹೋಗಿ. ಕಾಯಿಲೆ ಇದೆ ಎಂದು ಗೊತ್ತಿದ್ದರೆ ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ, ಪ್ರತಿ ಭೇಟಿಯಲ್ಲಿ ರಕ್ತದೊತ್ತಡ, ವರ್ಷಕ್ಕೊಮ್ಮೆ ಅಕ್ಷಿಪಟಲ, ಮೂತ್ರದ ಆಲ್ಬುಮಿನ್, ರಕ್ತದ ಕ್ರಿಯೇಟಿನಿನ್, ಕೊಲೆಸ್ಟ್ರಾಲ್ ಮತ್ತು ಪಾದದ ಪರೀಕ್ಷೆ ಬಿಡದೆ ಮಾಡಿಸಿ. ಬೀಡಿ ಸಿಗರೇಟು ಸೇದುವವರಾಗಿದ್ದರೆ ಇಂದೇ ಬಿಡಿ. ವೈದ್ಯರು ಮರೆತರೆ ನೀವೇ ಕೇಳಿ: ‘ನನ್ನ ಪಾದ ನೋಡಲಿಲ್ಲವಲ್ಲ ಡಾಕ್ಟರೇ?’